ಕಟ್ಟಿಕೊಂಡಾಕಿ, ಇಟ್ಟುಕೊಂಡಾಕಿ: ಶಾಸನಗಳು ಹೆಂಡತಿ ಎಂದದ್ದು ಯಾರನ್ನು?

ನಮ್ಮ ಕಲಬುರಗಿ ಕಡೆ, ಗಂಡಸಿನ ಜೋಡಿ ಬಾಳುವೆ ಮಾಡುವ ಹೆಣ್ಣಿಗೆ ಎರಡು ಮಾತು ಚಾಲ್ತಿಯಲ್ಲಿವೆ. ತಾಳಿ ಕಟ್ಟಿಸಿಕೊಂಡು ಬಂದವಳು ‘ಕಟ್ಟಿಕೊಂಡಾಕಿ’. ತಾಳಿಯಿಲ್ಲದೆ ಜೊತೆಗಿರುವವಳು ‘ಇಟ್ಟುಕೊಂಡಾಕಿ’. ಕಟ್ಟುವವನೂ ಗಂಡಸೇ, ಇಡುವವನೂ ಗಂಡಸೇ. ಆಕೆ ಬಂದಳು, ಬಾಳಿದಳು, ಮನೆ ನಡೆಸಿದಳು ಎಂಬುದಕ್ಕೆ ಈ ಎರಡು ಮಾತಿನೊಳಗೆ ಜಾಗವೇ ಇಲ್ಲ.

ಕಮಲಾಪುರದ ಓದುಗರೊಬ್ಬರು ಹೋದ ತಿಂಗಳು ಫೋನ್ ಮಾಡಿ ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. ಅವರ ಮಾತಿನಲ್ಲೇ ಹೇಳುವುದಾದರೆ: “ಸರ್, ನಮ್ಮ ಕಾಕಾ ತೀರಿಕೊಂಡು ವರ್ಷ ಆತು. ಕಾಕಿ ಅವರ ಜೋಡಿ ಮೂವತ್ತು ವರ್ಷ ಬಾಳ್ವಿ ಮಾಡ್ಯಾಳ್ರಿ. ಮೊದಲನೇ ಗಂಡ ಸತ್ತ ಮ್ಯಾಲೆ ಬಂದಾಕಿ. ಕಾಕಾಗ ಬ್ಯಾರೆ ಲಗ್ನ ಆಗಿರಲಿಲ್ಲ. ಈಗ ಹೊಲದ ಮಾತು ಬಂದದ, ಮಂದಿ ‘ಆಕಿ ಇಟ್ಟುಕೊಂಡಾಕಿ, ಆಕಿಗೇನು ಹಕ್ಕದ’ ಅಂತಾರ. ಹಿಂದಿನ ಕಾಲದಾಗ, ಶಾಸನದಾಗ, ಇಂಥಾದ್ದು ಏನರ ಬರದಾರೇನ್ರಿ?”

ನಾನು ವಕೀಲನಲ್ಲ. ಕಲ್ಲು ಓದುವುದಷ್ಟೇ ನನ್ನ ಅಭ್ಯಾಸ. ಆದರೆ ಪ್ರಶ್ನೆ ಸರಿಯಾದ ಊರಿನಿಂದಲೇ ಬಂದಿತ್ತು. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಹಂಚಿಕೆಗೆ ಆಧಾರವಾದ ಗ್ರಂಥ ಹುಟ್ಟಿದ್ದು ಕಮಲಾಪುರ ದಾಟಿ, ಹುಮನಾಬಾದ್ ಹಿಡಿದು ಹೋದರೆ ಸಿಗುವ ಕಲ್ಯಾಣದಲ್ಲಿ. ಹೆಂಡತಿ ಯಾರು, ಜೊತೆಗಿದ್ದವಳು ಯಾರು ಎಂಬ ಗೆರೆಯನ್ನೂ ಆ ಗ್ರಂಥ ಎಳೆದಿದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಒಂದು ಸಂಗತಿ ಮಾತ್ರ ಈಗಲೇ ಗಮನದಲ್ಲಿಟ್ಟುಕೊಳ್ಳಿ. ಮಂದಿ ಏನೇ ಅನ್ನಲಿ, ಈ ಓದುಗರು ಮಾತು ಮುಗಿಸುವವರೆಗೂ ಆಕೆಯನ್ನು ‘ಕಾಕಿ’ ಎಂದೇ ಕರೆದರು.

ಮದುವೆಯ ಶಾಸನ ಯಾಕೆ ಸಿಗುವುದಿಲ್ಲ?

ಶಾಸನಗಳನ್ನು ಹೊಸದಾಗಿ ಓದಲು ಶುರುಮಾಡಿದವರು ಮದುವೆಯ ಬಗ್ಗೆ ಹುಡುಕಿ ನಿರಾಶರಾಗುವುದುಂಟು. ಇಂಥವರಿಗೂ ಇಂಥವರಿಗೂ ಇಂಥ ದಿನ ಮದುವೆಯಾಯಿತು ಎಂದು ದಾಖಲಿಸಲಿಕ್ಕೆಂದೇ ಯಾರೂ ಕಲ್ಲು ನಿಲ್ಲಿಸುತ್ತಿರಲಿಲ್ಲ. ಕಲ್ಲು ಕೊರೆಸುವುದು ಖರ್ಚಿನ ಕೆಲಸ. ದಾನ, ಸಾವು, ತೆರಿಗೆ, ಗಡಿ, ಆಸ್ತಿ ಇವುಗಳಲ್ಲೊಂದು ಕಾರಣವಿದ್ದರೆ ಮಾತ್ರ ಆ ಖರ್ಚು.

ಹೀಗಾಗಿ ಹೆಂಡತಿ ಕಲ್ಲಿನ ಮೇಲೆ ಬರುವುದು ಬೇರೆ ಬಾಗಿಲಿನಿಂದ. ಗಂಡನ ಹೆಸರಿನಲ್ಲಿ ಗುಡಿಗೆ ಭೂಮಿ ಕೊಟ್ಟಾಗ ಬರುತ್ತಾಳೆ. ಗಂಡ ಸತ್ತಾಗ ಚಿತೆಯೇರಿದರೆ ಬರುತ್ತಾಳೆ. ಊರಾಚೆ ನಿಂತ ಮಹಾಸತಿ ಕಲ್ಲುಗಳಲ್ಲಿ ಎತ್ತಿದ ತೋಳು, ಅದರ ತುಂಬ ಬಳೆ ಕೆತ್ತಿರುವುದನ್ನು ನೀವೆಲ್ಲ ನೋಡಿದ್ದೀರಿ. ಮುತ್ತೈದೆತನದ ಗುರುತನ್ನು ನಮ್ಮವರು ಕಲ್ಲಿಗಿಳಿಸಿದ ಬಗೆ ಅದು. ಎಷ್ಟೋ ಕಲ್ಲುಗಳಲ್ಲಿ ಒಂದಕ್ಷರವೂ ಇಲ್ಲ, ತೋಳು ಮಾತ್ರ ಇದೆ. ತೆರಿಗೆಯ ಲೆಕ್ಕದಲ್ಲೂ ಮದುವೆ ಬರುತ್ತದೆ. ವಿಜಯನಗರ ಕಾಲದಲ್ಲಿ ‘ಮದುವೆ ಸುಂಕ’ ಇತ್ತು. ಅದನ್ನು ಮನ್ನಾ ಮಾಡಿದ ಶಾಸನಗಳು ಕೃಷ್ಣದೇವರಾಯನ ಕಾಲದಿಂದ ಸಿಗುತ್ತವೆ. ಮದುವೆ ಎಂದರೆ ಊರು ನೋಡುವ ಹಾಗೆ ಹಂದರ ಹಾಕಿ ಮಾಡುವ ಕೆಲಸ, ಹಾಗಾಗಿ ಸುಂಕದವನ ಕಣ್ಣಿಗೂ ಬೀಳುತ್ತಿತ್ತು.

ನಾಲ್ಕನೆಯ ಬಾಗಿಲು ಆಸ್ತಿಯದು. ನಮ್ಮ ಓದುಗರ ಪ್ರಶ್ನೆ ನಿಂತಿರುವುದು ಈ ಬಾಗಿಲಲ್ಲೇ.

ಮನಗೂಳಿಯ ಕಟ್ಟಳೆ, 1178

ಇಂದಿನ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ಕಳಚುರಿ ಸಂಕಮನ ಆಳ್ವಿಕೆಗೆ ಸೇರಿದ, 1178ರ ಒಂದು ಶಾಸನವಿದೆ. ಅದರಲ್ಲಿ ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಯಾರಿಗೆ ಹೋಗಬೇಕೆಂಬ ಕಟ್ಟಳೆ ಕೊರೆದಿದೆ. ಪಟ್ಟಿಯಲ್ಲಿ ಮೊದಲು ಹೆಂಡತಿ. ಆಮೇಲೆ ಹೆಣ್ಣುಮಕ್ಕಳು, ಬೇರೆಯಾಗಿರುವ ತಂದೆತಾಯಿ, ಅಣ್ಣತಮ್ಮಂದಿರು ಮತ್ತು ಅವರ ಮಕ್ಕಳು, ಕೊನೆಗೆ ಗೋತ್ರದ ನಂಟರು. ಇವರ್ಯಾರೂ ಇಲ್ಲದಿದ್ದರೆ ಮಾತ್ರ ಅದು ಧರ್ಮಕಾರ್ಯಕ್ಕೆ. ಆಳುಕಾಳು, ದನಕರು, ಹಣ, ಕಾಳುಕಡಿ, ಮನೆ, ಹೊಲ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಇದರ ಮಹತ್ವ ತಿಳಿಯಬೇಕಾದರೆ ಹಿಂದಿನ ಪರಿಸ್ಥಿತಿ ಗೊತ್ತಿರಬೇಕು. ಮಕ್ಕಳಿಲ್ಲದವನ ಸ್ವತ್ತನ್ನು ‘ಅಪುತ್ರಿಕ ದ್ರವ್ಯ’ ಎಂದು ಅರಸನ ಕಡೆಯವರು ವಶಪಡಿಸಿಕೊಳ್ಳುವ ಪದ್ಧತಿ ಇತ್ತು. ಗಂಡ ಸತ್ತ ದುಃಖದಲ್ಲಿರುವ ಹೆಣ್ಣಿನ ಮನೆ ಬಾಗಿಲಿಗೆ ಅಧಿಕಾರಿ ಬಂದು ನಿಲ್ಲುತ್ತಿದ್ದ. ಇನ್ನು ಹಾಗಾಗಕೂಡದು, ಮೊದಲ ಹಕ್ಕು ಹೆಂಡತಿಯದು ಎಂದು ಊರವರು ಕಲ್ಲಿನಲ್ಲಿ ಬರೆಸಿಕೊಂಡರು.

ಆದರೆ ಹೆಂಡತಿಗೆ ಮೊದಲ ಹಕ್ಕು ಎಂದ ಕೂಡಲೇ, ಹೆಂಡತಿ ಎಂದರೆ ಯಾರು ಎಂಬ ಜಗಳ ಶುರುವಾಗುತ್ತದೆ. ಹಕ್ಕೇ ಇಲ್ಲದಿದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕಮಲಾಪುರದ ಕಾಕಿಯನ್ನೂ ಮೂವತ್ತು ವರ್ಷ ಯಾರೂ ಕೇಳಿರಲಿಲ್ಲ. ಕಾಕಾ ಸತ್ತು, ಪಹಣಿಯಲ್ಲಿ ಹೆಸರು ಬದಲಾಯಿಸುವ ದಿನ ಕೇಳಿದರು.

ವಿಜ್ಞಾನೇಶ್ವರ ಎಳೆದ ಗೆರೆ

ಮನಗೂಳಿಯ ಪಟ್ಟಿ ಯಾಜ್ಞವಲ್ಕ್ಯಸ್ಮೃತಿಯ ಕ್ರಮಕ್ಕೆ ಹತ್ತಿರದ್ದು. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಕಲ್ಯಾಣದಂಥ ಪಟ್ಟಣವಿಲ್ಲ, ವಿಕ್ರಮನಂಥ ಅರಸನಿಲ್ಲ ಎಂಬ ಅಭಿಮಾನವನ್ನು ಗ್ರಂಥದ ಕೊನೆಯಲ್ಲಿ ತೋಡಿಕೊಂಡಿದ್ದಾನೆ. ನಮ್ಮ ಜಿಲ್ಲೆಯ ಜನ ಶಹಾಬಾದ್ ಬಳಿಯ ಮರತೂರನ್ನು ಅವನ ಊರು ಎಂದು ಹೆಮ್ಮೆಯಿಂದ ತೋರಿಸುತ್ತಾರೆ.

ಸ್ಮೃತಿ ಎಂಟು ಬಗೆಯ ಮದುವೆಗಳನ್ನು ಹೇಳುತ್ತದೆ. ಬ್ರಾಹ್ಮ, ದೈವ, ಆರ್ಷ, ಪ್ರಾಜಾಪತ್ಯ ಇವು ಮೊದಲ ನಾಲ್ಕು. ಹಣ ಪಡೆದು ಕೊಟ್ಟರೆ ಆಸುರ, ಇಬ್ಬರೂ ಒಪ್ಪಿ ಕೂಡಿದರೆ ಗಾಂಧರ್ವ, ಹೊಡೆದಾಡಿ ಒಯ್ದರೆ ರಾಕ್ಷಸ, ಮೋಸದಿಂದಾದರೆ ಪೈಶಾಚ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದವರಿಗೂ ಇದರ ಲೆಕ್ಕಾಚಾರದ ಭಾಗ ಗೊತ್ತಿರುವುದಿಲ್ಲ. ಮಕ್ಕಳಿಲ್ಲದ ಹೆಣ್ಣು ಸತ್ತಾಗ ಅವಳ ಸ್ತ್ರೀಧನ ಯಾರಿಗೆ? ಮೊದಲ ನಾಲ್ಕು ಬಗೆಯ ಮದುವೆಯಾದರೆ ಗಂಡನಿಗೆ, ಉಳಿದ ನಾಲ್ಕರಲ್ಲಿ ತವರಿಗೆ. ಮನು ಗಾಂಧರ್ವವನ್ನೂ ಗಂಡನ ಕಡೆಗೆ ಸೇರಿಸಿದರೆ, ಯಾಜ್ಞವಲ್ಕ್ಯ ತವರಿನ ಕಡೆ ಇಟ್ಟ. ಮದುವೆಯ ಬಗೆ ಯಾವುದು ಎಂಬುದು ಕಡೆಗೆ ಒಡವೆ ಯಾವ ಮನೆಗೆ ಹೋಗುತ್ತದೆ ಎಂಬುದಕ್ಕೆ ಬಂದು ನಿಲ್ಲುತ್ತಿತ್ತು.

ಈಗ ನಮಗೆ ಬೇಕಾದ ಜಾಗಕ್ಕೆ ಬರೋಣ. ಗಂಡುಮಕ್ಕಳಿಲ್ಲದವನ ಆಸ್ತಿ ಮೊದಲು ‘ಪತ್ನಿ’ಗೆ ಎಂದು ಸ್ಮೃತಿ ಹೇಳುತ್ತದೆ. ಪತ್ನಿ ಎಂದರೆ ವಿವಾಹ ಸಂಸ್ಕಾರವಾದವಳು ಎಂದು ವಿಜ್ಞಾನೇಶ್ವರ ಅರ್ಥ ಮಾಡುತ್ತಾನೆ. ಯಜ್ಞದ ಸಂಬಂಧವಿದ್ದರೆ ಮಾತ್ರ ಪತ್ನೀ ಶಬ್ದ ಸಲ್ಲುತ್ತದೆ ಎಂಬ ಪಾಣಿನಿಯ ಸೂತ್ರವನ್ನೇ ಆಧಾರವಾಗಿ ಕೊಡುತ್ತಾನೆ. ಆಸ್ತಿಯ ಪ್ರಶ್ನೆಗೆ ವ್ಯಾಕರಣದ ಉತ್ತರ!

ಆದರೆ ಅವನಿಗೊಂದು ತೊಡಕಿತ್ತು. ನಾರದಸ್ಮೃತಿ, ಅರಸ ಸತ್ತವನ ಆಸ್ತಿ ತೆಗೆದುಕೊಂಡು ಅವನ ಹೆಂಗಸರಿಗೆ ಜೀವನಾಂಶ ಕೊಟ್ಟರೆ ಸಾಕು ಎಂಬಂತೆ ಹೇಳುತ್ತದೆ. ಹಾಗಾದರೆ ಪತ್ನಿಗೆ ಪೂರ್ತಿ ಆಸ್ತಿ ಎಂಬ ಮಾತು ಸುಳ್ಳೇ? ವಿಜ್ಞಾನೇಶ್ವರ ಬಿಡಿಸಿದ ರೀತಿ ನೋಡಿ. ನಾರದ ಅಲ್ಲಿ ಬಳಸಿದ್ದು ‘ಸ್ತ್ರೀ’ ಎಂಬ ಪದ, ‘ಪತ್ನಿ’ ಅಲ್ಲ. ಆದ್ದರಿಂದ ಅದು ‘ಅವರುದ್ಧ ಸ್ತ್ರೀ’ಗೆ ಸಂಬಂಧಿಸಿದ ಮಾತು. ಪತ್ನಿಗೆ ಆಸ್ತಿ, ಅವರುದ್ಧೆಗೆ ಜೀವನಾಂಶ. ಒಂದೇ ಪದದ ಮೇಲೆ ನಿಂತ ಈ ತೀರ್ಮಾನ ಮುಂದೆ ಎಂಟುನೂರು ವರ್ಷ ಹೆಂಗಸರ ಅನ್ನದ ಪ್ರಶ್ನೆಯನ್ನು ನಿರ್ಧರಿಸಿತು.

ಅವರುದ್ಧ ಎಂದರೆ ತಡೆದಿಟ್ಟವಳು, ಬೇರೆ ಗಂಡಸರ ಸಂಪರ್ಕವಿಲ್ಲದಂತೆ ಒಬ್ಬನ ಮನೆಯಲ್ಲೇ ಇರಿಸಿದವಳು. ನಮ್ಮ ‘ಇಟ್ಟುಕೊಂಡಾಕಿ’ಗೆ ಇದಕ್ಕಿಂತ ಹತ್ತಿರದ ಸಂಸ್ಕೃತ ಪದ ಸಿಗಲಾರದು. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಮಾತಿನಲ್ಲಿ ಅದು ಬೈಗುಳ. ಮಿತಾಕ್ಷರಾದಲ್ಲಿ ಅದೊಂದು ಸ್ಥಾನ. ಕೆಳಗಿನ ಸ್ಥಾನವೇ ಹೌದು, ಆದರೂ ಅದಕ್ಕೊಂದು ಹಕ್ಕಿನ ಬಾಲ ಇತ್ತು. ಅವನ ಆಸ್ತಿ ತಿನ್ನುವವನು ಅವಳಿಗೆ ಅನ್ನ ಹಾಕಬೇಕಿತ್ತು.

ಪತ್ನಿ ಮತ್ತು ಅವರುದ್ಧೆಯ ನಡುವೆ ಇನ್ನೂ ಮೆಟ್ಟಿಲುಗಳಿವೆ. ಎರಡನೇ ಬಾರಿ ಸಂಸ್ಕಾರವಾದವಳು ಪುನರ್ಭೂ. ಗಂಡನನ್ನು ಬಿಟ್ಟು ತನ್ನಿಚ್ಛೆಯಿಂದ ಇನ್ನೊಬ್ಬನ ಕಡೆ ಹೋದವಳು ಸ್ವೈರಿಣಿ. ಇವುಗಳನ್ನು ಹೊಗಳಬೇಕಾಗಿಲ್ಲ, ಹೆಣ್ಣನ್ನು ಅಳೆದು ತೂಗಿ ಕಪಾಟಿಗೆ ಹಾಕಿದ ಪಟ್ಟಿಯೇ ಇದು. ಆದರೆ ಆ ಕಪಾಟಿಗೆ ಹಲವು ಖಾನೆಗಳಿದ್ದವು, ನಮ್ಮ ಆಡುಮಾತಿನ ಕಪಾಟಿಗೆ ಎರಡೇ.

ಇಲ್ಲಿ ಕನ್ನಡದ ಬಗ್ಗೆ ಒಂದು ಮಾತು. ಹಳಗನ್ನಡದ ‘ಪೆಂಡತಿ’ಯೇ ಇಂದಿನ ಹೆಂಡತಿ. ಅದರ ಬೇರು ‘ಪೆಣ್’, ಅಂದರೆ ಹೆಣ್ಣು. ಯಜ್ಞ, ಸಂಸ್ಕಾರ ಯಾವುದೂ ಆ ಪದದೊಳಗಿಲ್ಲ. ಸ್ತ್ರೀ ಬೇರೆ, ಪತ್ನಿ ಬೇರೆ ಎಂದು ಸಂಸ್ಕೃತದ ಪಂಡಿತ ಸೀಳಿದ ಜಾಗದಲ್ಲಿ ಕನ್ನಡದ ಪದ ಹೆಣ್ಣಿನ ಬೇರಿನಿಂದಲೇ ಹೆಂಡತಿಯನ್ನು ಬೆಳೆಸಿಕೊಂಡಿದೆ.

ಮಹಾಕೂಟದ ವಿನಾಪೋಟಿ

ಶಾಸ್ತ್ರ ಎಳೆದ ಗೆರೆಯನ್ನು ಜನಜೀವನ ಹಾಗೇ ಪಾಲಿಸಿತೇ? ಇದಕ್ಕೆ ವಿಜ್ಞಾನೇಶ್ವರನಿಗಿಂತ ಮುನ್ನೂರೈವತ್ತು ವರ್ಷ ಹಿಂದಕ್ಕೆ, ಬಾದಾಮಿಯ ಹತ್ತಿರದ ಮಹಾಕೂಟಕ್ಕೆ ಹೋಗಬೇಕು. ಕನ್ನಡ ಶಾಸನಗಳಲ್ಲಿ ನನಗೆ ತುಂಬ ಇಷ್ಟವಾದವುಗಳಲ್ಲಿ ಒಂದು ಅಲ್ಲಿದೆ.

ಬಾದಾಮಿ ಚಾಲುಕ್ಯ ವಿಜಯಾದಿತ್ಯನ (696–733) ಕಾಲದ ಈ ಕಂಬದ ಶಾಸನ ವಿನಾಪೋಟಿ ಎಂಬವಳದು. ಅವಳಿಗೆ ಎರಡು ವಿಶೇಷಣಗಳಿವೆ. ಅವಳು ಅರಸನ ‘ಪ್ರಾಣವಲ್ಲಭೆ’. ಅವಳು ‘ಸೂಳೆ’. ಇಂದು ಬೈಯಲು ಬಳಸುವ ಪದ ಅಲ್ಲಿ ಬಹುವಚನದ ಗೌರವದೊಂದಿಗೆ ಬಂದಿದೆ. ಹೆಸರಿಗೂ ‘-ಗಳ್’ ಹಚ್ಚಿ ‘ವಿನಾಪೋಟಿಗಳ್’ ಎಂದಿದ್ದಾರೆ, ನಾವು ಇಂದು ‘ಗುರುಗಳು’ ಎನ್ನುವ ಹಾಗೆ. ಅಜ್ಜಿ ರೇವಮಂಚಲು, ತಾಯಿ ಕುಚಿಪೋಟಿ ಎಂದು ವಂಶ ಹೇಳಿದ್ದಾರೆ. ಆ ವಂಶದಲ್ಲಿ ತಂದೆಯ ಮಾತಿಲ್ಲ. ಮೂರು ತಲೆಮಾರಿನ ಹೆಣ್ಣುಗಳ ಹೆಸರೇ ಅವಳ ಕುಲಪತ್ರ.

ಅವಳು ಮಾಡಿದ್ದೇನು? ಹಿರಣ್ಯಗರ್ಭ ದಾನ. ಅರಸರು ತಮ್ಮ ಹಿರಿಮೆ ತೋರಿಸಲು ಮಾಡಿಸುತ್ತಿದ್ದ ಮಹಾದಾನಗಳಲ್ಲೊಂದು. ಜೊತೆಗೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಹೊಲ.

ಈ ಶಾಸನ ತೋರಿಸಿ “ಆ ಕಾಲದಲ್ಲಿ ಹೆಣ್ಣಿಗೆ ಎಷ್ಟು ಸ್ವಾತಂತ್ರ್ಯವಿತ್ತು” ಎನ್ನುವವರು ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಅರಸನ ಪ್ರೀತಿಗೆ ಪಾತ್ರಳಾದ ಒಬ್ಬಳ ಸಂಪತ್ತು ಊರ ಎಲ್ಲ ಹೆಣ್ಣುಗಳ ಸ್ಥಿತಿಯಲ್ಲ. ಆದರೆ ಇಷ್ಟಂತೂ ಖಚಿತ: ಪಟ್ಟದ ರಾಣಿಯಲ್ಲದ ಒಬ್ಬಳು ತನ್ನ ಸಂಬಂಧವನ್ನು ಮುಚ್ಚಿಡಲಿಲ್ಲ, ರಾಣಿ ಎಂದು ಸುಳ್ಳೂ ಹೇಳಲಿಲ್ಲ. ದೇವಸ್ಥಾನದ ಕಂಬ ಅದನ್ನು ಹಾಗೆಯೇ ಒಪ್ಪಿಕೊಂಡಿತು.

ಇಂಗುಣಿಗೆಯ ಜಾಕಲದೇವಿ

ಮತ್ತೆ ನಮ್ಮ ಜಿಲ್ಲೆಗೆ, ವಿಕ್ರಮಾದಿತ್ಯನ ಕಾಲಕ್ಕೆ ಬರೋಣ. ಅವನಿಗೆ ಹಲವು ರಾಣಿಯರು: ಬಿಲ್ಹಣ ಸ್ವಯಂವರದ ಕತೆ ಹೇಳಿದ ಚಂದಲದೇವಿ, ಪಿರಿಯರಸಿ ಲಕ್ಷ್ಮಾದೇವಿ, ಕೇತಲದೇವಿ, ಮಲಯಮತಿ, ಸಾವಳದೇವಿ. ಇವರು ಒಬ್ಬನ ಹೆಂಡಂದಿರು ಎಂಬುದಕ್ಕಿಂತ ಹೆಚ್ಚಾಗಿ ಶಾಸನಗಳಲ್ಲಿ ಎದ್ದು ಕಾಣುವುದು ಬೇರೆ ಬೇರೆ ಊರುಗಳನ್ನು ಆಳಿದವರೆಂದು.

ಚಿತ್ತಾಪುರ ತಾಲೂಕಿನ ಇಂಗಳಗಿ ಆಗ ಇಂಗುಣಿಗೆ. ಅದನ್ನು ಆಳುತ್ತಿದ್ದವಳು ರಾಣಿ ಜಾಕಲದೇವಿ. 1094ರ ಅಲ್ಲಿನ ಜೈನ ಶಾಸನದಲ್ಲಿ, ಮೂರ್ತಿ ಮಾರುವವನೊಬ್ಬ ಜಿನಬಿಂಬ ತಂದಾಗ ಅದನ್ನು ಆಕೆಯ ಊರಿನಲ್ಲಿ ಪ್ರತಿಷ್ಠಾಪಿಸುವಂತೆ ಅರಸನೇ ಹೇಳಿದ ಪ್ರಸಂಗ ಬರುತ್ತದೆ. ಆಕೆ ಜಿನಭಕ್ತೆ, ಆತ ಶೈವರಿಗೆ ಧಾರಾಳವಾಗಿ ದಾನ ಕೊಟ್ಟ ದೊರೆ. ದಂಪತಿಯ ದಿನದ ಬದುಕಿನ ಇಷ್ಟು ಸಣ್ಣ ತುಣುಕು ಕಲ್ಲಿನಲ್ಲಿ ಸಿಗುವುದು ಅಪರೂಪ. ಅದು ಉಳಿದದ್ದೂ ಅವಳ ಬಳಿ ಒಂದು ಊರು, ಒಂದು ದಾನ ಇದ್ದುದರಿಂದ.

ಮೂರೂ ಶಾಸನಗಳನ್ನು ಸಾಲಾಗಿ ಇಟ್ಟು ನೋಡಿ. ಮನಗೂಳಿಯ ಹೆಸರಿಲ್ಲದ ಹೆಂಡತಿ, ಮಹಾಕೂಟದ ವಿನಾಪೋಟಿ, ಇಂಗಳಗಿಯ ಜಾಕಲದೇವಿ. ಮೂವರೂ ಕಲ್ಲಿಗೆ ಬಂದದ್ದು ಭೂಮಿ ಅಥವಾ ದಾನದ ಮೂಲಕ. ಸಂಬಂಧ ಯಾವುದು ಎಂಬುದಕ್ಕೆ ಅಲ್ಲಿರುವ ಪುರಾವೆ ಒಂದೇ, ನಾಲ್ಕು ಜನರೆದುರು ಆಕೆಯನ್ನು ಏನೆಂದು ಕರೆದರು ಎಂಬುದು.

ಕಲ್ಯಾಣದ ಮದುವೆ, ಕಲಬುರಗಿಯ ದರ್ಬಾರು

ನಾಲ್ಕು ಜನ ಒಪ್ಪದಿದ್ದರೆ? ಇದಕ್ಕೂ ನಮ್ಮ ನೆಲದ ಕತೆಯೇ ಇದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಶರಣರು ಮಾಡಿಸಿದ ಮದುವೆ. ನಮಗೆ ಇದು ತಿಳಿದದ್ದು ಮುಂದಿನ ವೀರಶೈವ ಕಾವ್ಯ, ಪುರಾಣಗಳಿಂದ. ಹಾಗಾಗಿ ಇದನ್ನು ಶಾಸನದ ಸಾಕ್ಷ್ಯದ ಜೊತೆ ಬೆರೆಸಬಾರದು. ಆದರೆ ಆ ಕತೆಯ ಪ್ರಶ್ನೆ ಸ್ಪಷ್ಟ. ಲಿಂಗ ಕಟ್ಟಿಕೊಂಡ ಇಬ್ಬರಿಗೆ ಜಾತಿಯಿಲ್ಲ, ಇದು ಸರಿಯಾದ ಮದುವೆ ಎಂದರು ಶರಣರು. ಕೆಳಜಾತಿಯ ಗಂಡು, ಮೇಲ್ಜಾತಿಯ ಹೆಣ್ಣು, ಇದು ಪ್ರತಿಲೋಮ ಎಂದರು ಎದುರಿನವರು. ಮದುವೆಯನ್ನು ಒಪ್ಪದ ಬಿಜ್ಜಳ ಇಬ್ಬರು ಅಪ್ಪಂದಿರನ್ನು ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿದನಂತೆ. ಮದುವೆ ಹೌದೋ ಅಲ್ಲವೋ ಎಂದು ಹೇಳುವ ಅಧಿಕಾರ ಯಾರದು ಎಂಬುದರ ಮೇಲೆ ಜೀವ ಹೋಗುವ ಮಟ್ಟದ ಜಗಳ ಅದು.

ಎರಡೂವರೆ ಶತಮಾನದ ಮೇಲೆ ಇದೇ ಪ್ರಶ್ನೆ ಕಲಬುರಗಿಯ ಬಹಮನಿ ದರ್ಬಾರಿನಲ್ಲಿ ಬೇರೆ ವೇಷದಲ್ಲಿ ಬಂತು. ಸುಲ್ತಾನ ಫಿರೋಜ್ ಶಾಹ (1397–1422) ನಾಲ್ಕಕ್ಕಿಂತ ಹೆಚ್ಚು ಹೆಂಡಂದಿರನ್ನು ಧರ್ಮಕ್ಕೆ ಒಪ್ಪುವ ಹಾಗೆ ಪಡೆಯುವ ದಾರಿ ಕೇಳಿದನಂತೆ. ಒಬ್ಬಳಿಗೆ ತಲಾಖ್ ಕೊಟ್ಟು ಇನ್ನೊಬ್ಬಳನ್ನು ಮದುವೆಯಾಗಿ ಎಂದರು ಕೆಲವು ಪಂಡಿತರು. ಅದು ಅವನಿಗೆ ಹಿಡಿಸಲಿಲ್ಲ. ಆಗ ಮೀರ್ ಫಜಲುಲ್ಲಾ ಇಂಜೂ ‘ಮುತಾ’ ಎಂಬ ಅವಧಿ ಮದುವೆಯ ಮಾತು ತೆಗೆದ. ಇಷ್ಟು ದಿನಕ್ಕೆ, ಇಷ್ಟು ಮೆಹರಿಗೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವ ಒಪ್ಪಂದ ಅದು. ಶಿಯಾಗಳು ಅದನ್ನು ಒಪ್ಪುತ್ತಾರೆ, ಸುನ್ನಿಗಳು ಒಪ್ಪುವುದಿಲ್ಲ. ಹದೀಸಿನ ಗ್ರಂಥಗಳನ್ನು ತರಿಸಿ ವಾದ ನಡೆದು, ಕಡೆಗೆ ಸುಲ್ತಾನ ಇಂಜೂವಿನ ಪಕ್ಷ ಹಿಡಿದ. ಇದನ್ನು ಬರೆದವನು ಇನ್ನೂರು ವರ್ಷದ ಮೇಲೆ ವಿಜಾಪುರದಲ್ಲಿದ್ದ ಫಿರಿಶ್ತಾ, ಹಾಗಾಗಿ ಉಪ್ಪುಖಾರದ ಪಾಲನ್ನು ಓದುಗರೇ ಲೆಕ್ಕ ಹಾಕಬೇಕು. ಸಪ್ತಗುಮ್ಮಟದಲ್ಲಿ ಫಿರೋಜನ ದೊಡ್ಡ ಗೋರಿ ನೋಡಲು ಹೋದಾಗ ಇದನ್ನು ನೆನಪಿಸಿಕೊಳ್ಳಿ. ಬಿಜ್ಜಳನ ಕತೆಯಲ್ಲಿ ಬಡವರ ಮದುವೆಯನ್ನು ಅಳಿಸಲು ಶಾಸ್ತ್ರ ಬೇಕಾಯಿತು, ಇಲ್ಲಿ ಅರಸನ ಸಂಬಂಧಗಳನ್ನು ಮದುವೆ ಎನ್ನಿಸಲು ಶಾಸ್ತ್ರ ಬೇಕಾಯಿತು.

ಉಡಕಿ

ಅರಸರನ್ನು ಬಿಟ್ಟು ಹೊಲಮನೆಯವರ ಕಡೆ ಬಂದರೆ, ನಮ್ಮ ಭಾಗದ ಅನೇಕ ಸಮುದಾಯಗಳಲ್ಲಿ ‘ಉಡಕಿ’ ಇತ್ತು, ಈಗಲೂ ಕೆಲವೆಡೆ ಇದೆ. ವಿಧವೆ ಅಥವಾ ಗಂಡನಿಂದ ಬಿಡುಗಡೆಯಾದವಳು ಇನ್ನೊಬ್ಬನ ಜೊತೆ ಬಾಳುವೆ ಹೂಡುವಾಗ ಅವನು ಸೀರೆ ಕೊಡುತ್ತಾನೆ, ಅವಳು ಉಡುತ್ತಾಳೆ. ಹಿರಿಯರು ನಾಲ್ಕು ಜನ ಇರುತ್ತಾರೆ. ದೊಡ್ಡ ಹಂದರ, ಬಾಜಾಬಜಂತ್ರಿ ಇರುವುದಿಲ್ಲ. ದಕ್ಷಿಣದ ಕಡೆ ಇದಕ್ಕೆ ‘ಕೂಡಿಕೆ’, ‘ಸೀರುಡಿಕೆ’ ಎನ್ನುವುದುಂಟು. ಮೊದಲ ಲಗ್ನದ ಮರ್ಯಾದೆ ಇದಕ್ಕೆ ಸಿಗುತ್ತಿರಲಿಲ್ಲ, ಉಡಕಿಯಾದವಳನ್ನು ಕೆಲವು ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಿಸುತ್ತಿದ್ದರು. ಆದರೂ ಅದು ಸಂಬಂಧವನ್ನು ಊರೆದುರು ಸಾರುವ ವಿಧಿ.

ನಾನು ಕಮಲಾಪುರದ ಓದುಗರಿಗೆ ತಿರುಗಿ ಕೇಳಿದ ಮೊದಲ ಪ್ರಶ್ನೆಯೂ ಇದೇ. “ಕಾಕಿ ಮನೆಗೆ ಬಂದಾಗ ಸೀರಿ ಉಡಿಸಿದ್ರೇನು?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ವಗ ಕೇಳಬೇಕ್ರಿ” ಎಂದರು.

ಇಂದಿನ ಕಾಯ್ದೆ ಏನು ನೋಡುತ್ತದೆ?

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ, ವಧು ಅಥವಾ ವರ ಯಾರೊಬ್ಬರ ಕಡೆಯ ರೂಢಿಯ ವಿಧಿಯಂತೆ ನಡೆದ ಮದುವೆಯನ್ನೂ ಒಪ್ಪುತ್ತದೆ. ಸಪ್ತಪದಿ ಇರಲೇಬೇಕೆಂದಿಲ್ಲ. ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಸಮುದಾಯದಲ್ಲಿ ಉಡಕಿಯ ರೂಢಿ ಇದೆ, ಈ ಉಡಕಿ ನಡೆದಿದೆ ಎಂದು ತೋರಿಸಿದರೆ, ಇಬ್ಬರಿಗೂ ಬೇರೆ ಜೀವಂತ ಸಂಗಾತಿ ಇಲ್ಲದಿದ್ದರೆ, ಇಟ್ಟುಕೊಂಡಾಕಿ ಎನ್ನಿಸಿಕೊಂಡವಳು ಕಾಯ್ದೆಯ ಕಣ್ಣಲ್ಲಿ ಕಟ್ಟಿಕೊಂಡಾಕಿಯೇ.

ಕಾಗದ ಇಲ್ಲವಲ್ಲ ಎನ್ನುವವರಿಗೆ ಇನ್ನೊಂದು ಸಂಗತಿ. ಕರ್ನಾಟಕದಲ್ಲಿ ಮದುವೆ ನೋಂದಣಿಗೆ 1976ರ ಕಾಯ್ದೆ ಇದೆ. ನೋಂದಣಿ ಒಳ್ಳೆಯ ಪುರಾವೆ, ಆದರೆ ಅದೇ ಮದುವೆಯಲ್ಲ. ವಿಧಿಯೇ ನಡೆಯದೆ ಬರೀ ಪ್ರಮಾಣಪತ್ರ ಮಾಡಿಸಿಕೊಂಡರೆ ಅದು ಹಿಂದೂ ಮದುವೆಯಾಗದು ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರಲ್ಲಿ ಹೇಳಿತು.

ವಿಧಿ ನಡೆದದ್ದಕ್ಕೆ ಸಾಕ್ಷಿಯೇ ಉಳಿದಿಲ್ಲದಿದ್ದರೆ? ಗಂಡಹೆಂಡಿರಂತೆ ಬಹುಕಾಲ ಬಾಳಿದವರನ್ನು ಮದುವೆಯಾದವರೆಂದೇ ಭಾವಿಸಬೇಕು, ಅಲ್ಲ ಎನ್ನುವವರ ಮೇಲೆ ಅದನ್ನು ತೋರಿಸುವ ಭಾರ ಇರುತ್ತದೆ ಎಂಬುದು ನ್ಯಾಯಾಲಯಗಳ ಹಳೆಯ ನಿಲುವು. ಸುಮಾರು 50 ವರ್ಷ ಜೊತೆಗಿದ್ದ ದಂಪತಿಯ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಂಧುಮಿತ್ರರು ಅವರನ್ನು ಗಂಡಹೆಂಡಿರೆಂದು ಕಂಡು ನಡೆಸಿಕೊಂಡದ್ದೂ ಪುರಾವೆಯೇ ಎಂದು 1872ರ ಸಾಕ್ಷ್ಯ ಕಾಯ್ದೆಯ 50ನೇ ಕಲಂ ಉದಾಹರಣೆ ಸಹಿತ ಹೇಳಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ನಮ್ಮ ಓದುಗರ ಬಾಯಲ್ಲಿ ತಾನಾಗಿ ಬಂದ ‘ಕಾಕಿ’ ಎಂಬ ಪದದ ತೂಕ ಈಗ ತಿಳಿಯಿತಲ್ಲ. ಮೂವತ್ತು ವರ್ಷ ಮನೆಮಕ್ಕಳು ಕಾಕಿ ಎಂದು ಕರೆದದ್ದು, ಲಗ್ನಪತ್ರಿಕೆಯಲ್ಲಿ ಜೊತೆಯಾಗಿ ಹೆಸರು ಹಾಕಿಸಿದ್ದು, ರೇಷನ್ ಕಾರ್ಡು, ಮತದಾರರ ಪಟ್ಟಿಯಲ್ಲಿ ಗಂಡ ಎಂದು ಬರೆದದ್ದು, ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ.

ಒಬ್ಬರಿಗೆ ಆಗಲೇ ಮದುವೆಯಾಗಿದ್ದರೆ ದಾರಿ ಕಷ್ಟ. ಹಳೆಯ ಅವರುದ್ಧ ಸ್ತ್ರೀಯ ಜೀವನಾಂಶದ ಹಕ್ಕನ್ನು 1926ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ಕೂಡ ಮಿತಾಕ್ಷರಾದ ಪರಂಪರೆ ಹಿಡಿದು ಒಪ್ಪಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಅವಲಂಬಿತರ ಪಟ್ಟಿಯಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಒಬ್ಬನಿಗೆ ಒಬ್ಬಳೇ ಹೆಂಡತಿ ಎಂಬ ಒಳ್ಳೆಯ ಕಟ್ಟಳೆ ಬಂದಾಗ, ಹಳೆಯ ಕಪಾಟಿನ ಕೆಳಗಿನ ಖಾನೆಯಲ್ಲಿದ್ದವಳ ಅನ್ನವೂ ಹೋಯಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ ಎಂಬ ಹೊಸ ಖಾನೆ ತೆರೆಯಿತು. ಅದಕ್ಕೆ ಸುಪ್ರೀಂ ಕೋರ್ಟ್ 2010ರಲ್ಲಿ ಹಾಕಿದ ಮೊದಲ ಷರತ್ತು, ಇಬ್ಬರೂ ಸಮಾಜದೆದುರು ದಂಪತಿಯಂತೆ ಕಾಣಿಸಿಕೊಂಡಿರಬೇಕು ಎಂಬುದು. ಜೊತೆಗೆ ಇಬ್ಬರೂ ಮದುವೆಗೆ ಅರ್ಹರಿರಬೇಕು. ಹಾಗಾಗಿ ಮದುವೆಯಾದವನ ಜೊತೆ, ಅದು ಗೊತ್ತಿದ್ದೂ ವರ್ಷಗಟ್ಟಲೆ ಬಾಳಿದ ಬೆಂಗಳೂರಿನ ಮಹಿಳೆಯೊಬ್ಬರಿಗೆ 2013ರಲ್ಲಿ ಈ ಕಾಯ್ದೆಯ ರಕ್ಷಣೆ ಸಿಗಲಿಲ್ಲ. ಇಂಥವರಿಗಾಗಿ ಸಂಸತ್ತು ಯೋಚಿಸಬೇಕೆಂದು ಕೋರ್ಟೇ ಹೇಳಿತು.

ಮಕ್ಕಳ ಮಾತು ಬೇರೆ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು, ಅಸಿಂಧು ಮದುವೆಯ ಮಕ್ಕಳಿಗೂ ಮಿತಾಕ್ಷರಾ ಅವಿಭಕ್ತ ಕುಟುಂಬದಲ್ಲಿ ತಂದೆಯ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕಿದೆ ಎಂದಿತು. ಆ ತೀರ್ಪಿನ ಉದ್ದಕ್ಕೂ ‘ಮಿತಾಕ್ಷರಾ’ ಎಂಬ ಪದ ಬರುತ್ತದೆ. ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಕೂತು ಒಬ್ಬ ಪಂಡಿತ ಬರೆದದ್ದಕ್ಕೆ ದಿಲ್ಲಿಯಲ್ಲಿ ಇನ್ನೂ ಅರ್ಥ ಹಚ್ಚುತ್ತಿದ್ದಾರೆ.

ಕಲ್ಲಿನ ಮಾತು

ಹಾಗಾದರೆ ಶಾಸನದಲ್ಲಿ ಉತ್ತರ ಇದೆಯೇ? ಕೋರ್ಟಿಗೆ ಒಯ್ಯುವಂಥ ಉತ್ತರ ಇಲ್ಲ. ಅದಕ್ಕೆ ವಕೀಲರ ಬಳಿಯೇ ಹೋಗಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಉಚಿತ ನೆರವು ಸಿಗುತ್ತದೆ ಎಂದು ಅವರಿಗೆ ಹೇಳಿದೆ. ಕಾಕಿ ಬಂದ ದಿನ ಹಾಜರಿದ್ದ ಹಿರಿಯರು ಬದುಕಿರುವಾಗಲೇ ಅವರ ಮಾತು ಬರೆಸಿಡಿ ಎಂದೂ ಹೇಳಿದೆ. ಕಲ್ಲು ಉಳಿಯುತ್ತದೆ, ಜನ ಉಳಿಯುವುದಿಲ್ಲ.

ಆದರೆ “ಹಿಂದಿನ ಕಾಲದಾಗ ಇಂಥಾದ್ದು ಇರಲಿಲ್ಲ” ಎಂದು ಯಾರಾದರೂ ಆಕೆಯ ಬಾಯಿ ಮುಚ್ಚಿಸಿದರೆ, ಅದು ಸುಳ್ಳು ಎಂದು ಶಾಸನ ಓದುವ ನಾವು ಹೇಳಬಹುದು. ಹಿಂದೆಯೂ ಹಲವು ಬಗೆಯ ಬಾಳುವೆಗಳಿದ್ದವು. ಶಾಸ್ತ್ರ ಅವುಗಳಿಗೆ ಮೇಲುಕೀಳಿನ ಸ್ಥಾನ ಕೊಟ್ಟಿತು. ಆದರೆ ಕೆಳಗಿನ ಸ್ಥಾನದವಳನ್ನೂ ಬರಿಗೈಯಲ್ಲಿ ಬೀದಿಗೆ ಬಿಡಲಿಲ್ಲ. ಸತ್ತವನ ಹೊಲ ಉಳುವವನಿಗೆ ಅವನ ಜೊತೆ ಬಾಳಿದವಳ ಹೊಟ್ಟೆಯ ಹೊಣೆಯೂ ಇತ್ತು.

ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಶಾಸನ ಓದುವಾಗ ಅರಸನ ಬಿರುದುಗಳ ಜೊತೆ ಹೆಂಗಸರ ಹೆಸರಿನ ಹಿಂದಿರುವ ಪದಗಳನ್ನೂ ಬರೆದುಕೊಳ್ಳಿ. ಪೆಂಡತಿ, ಅರಸಿ, ಪಿರಿಯರಸಿ, ಸತಿ, ವಲ್ಲಭೆ, ಸೂಳೆ, ಏನೇ ಇರಲಿ, ಇಂದಿನ ಅರ್ಥ ಹಚ್ಚದೆ ಇದ್ದ ಹಾಗೇ ಬರೆದುಕೊಳ್ಳಿ. ಆಕೆ ಏನು ಕೊಟ್ಟಳು, ಯಾವ ಭೂಮಿ ಅವಳದಾಗಿತ್ತು, ತಾಯಿಯ ಹೆಸರು ಹೇಳಿದ್ದಾರೋ ತಂದೆಯದೋ ಎಂಬುದನ್ನೂ ನೋಡಿ. ಕಮಲಾಪುರ, ಆಳಂದ, ಚಿತ್ತಾಪುರ, ಸೇಡಂ ಕಡೆಯ ಗುಡಿಗಳಲ್ಲಿ ಶಾಸನದ ಕಲ್ಲುಗಳು ಇನ್ನೂ ಸುಣ್ಣ ಬಳಿಸಿಕೊಂಡು ನಿಂತಿವೆ. ಸುಣ್ಣವನ್ನು ಕಬ್ಬಿಣದಿಂದ ಕೆರೆಯಬೇಡಿ, ನೀರು ಮತ್ತು ಮೆತ್ತನೆಯ ಬ್ರಶ್ ಸಾಕು. ಫೋಟೋ ತೆಗೆಯುವಾಗ ಬೆಳಕು ಪಕ್ಕದಿಂದ ಬೀಳಲಿ.